ಚೌಕಾಬಾರದ ಕವಡೆ ಬಂದ ಊರು: ಮಾಲ್ಡೀವ್ಸ್

ಈ ಕವಡೆಗಳನ್ನ ಕೈಯಲ್ಲಿ ಹಿಡಿದು ನೋಡಿ ಪಕ್ಕದವರಿಗೆ ದಾಟಿಸ್ತಾ ಹೋಗಿ, ನಾಲ್ಕಿದಾವೆ. ನಮ್ಮಜ್ಜಿ ಚೌಕಾಬಾರ ಆಡ್ತಿದ್ದ ಕವಡೆ ಇವು. ಚಿಕ್ಕೋನಿದ್ದಾಗ ಇದು ಅಂಗಡೀಲಿ ಮಾಡಿ ಮಾರೋ ಸಾಮಾನು ಅಂದ್ಕೊಂಡಿದ್ದೆ, ಒಳಗೊಂದು ಜೀವ ಇತ್ತು, ಅದು ಸಮುದ್ರದಲ್ಲಿ ಹರಿದಾಡ್ತಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಹಿಂದೆ ಪ್ರಪಂಚಕ್ಕೆಲ್ಲ ಕವಡೆ ಸಪ್ಲೈ ಮಾಡ್ತಿದ್ದ ಅತಿ ದೊಡ್ಡ ಜಾಗ ಮಾಲ್ಡೀವ್ಸ್. ಅಜ್ಜಿಯ ಈ ನಾಲ್ಕು ಅಲ್ಲಿಂದಲೇ ಬಂದ್ವು ಅಂತ ಪ್ರಮಾಣ ಮಾಡಿ ಹೇಳಕ್ಕಾಗಲ್ಲ ಬಿಡಿ, ಆದ್ರೆ ಮಾತು ಶುರು ಮಾಡಕ್ಕೆ ಸಾಕು.

ಮಾಲ್ಡೀವ್ಸ್ ಅಂದ ತಕ್ಷಣ ನಿಮ್ಮ ತಲೇಲಿ ಬರೋದು ಎರಡೇ ಚಿತ್ರ ಅಲ್ವಾ, ಒಂದು ನೀಲಿ ನೀರಿನ ಮೇಲೆ ಮರದ ಕಾಟೇಜು, ಹನಿಮೂನ್ ಜೋಡಿ. ಇನ್ನೊಂದು "ಮುಳುಗೋ ದೇಶ". ಅಲ್ಲಿಯ ಒಂದು ಸಣ್ಣ ದ್ವೀಪದ ಸ್ಕೂಲಲ್ಲಿ ನಾನು ಎರಡು ವರ್ಷ ಗಣಿತ ಪಾಠ ಮಾಡಿದೀನಿ, ನಮ್ಮ ದೇಶದಿಂದ ಹಾಗೆ ಹೋಗಿರೋ ಮೇಷ್ಟ್ರುಗಳು ಬೇಕಾದಷ್ಟು ಜನ. ದ್ವೀಪದ ಈ ತುದಿಯಿಂದ ಆ ತುದಿಗೆ ನಡೆದ್ರೆ ಹನ್ನೆರಡು ನಿಮಿಷ. ಕಾಟೇಜೂ ಇರ್ಲಿಲ್ಲ, ಯಾರೂ ಮುಳುಗ್ತಾನೂ ಇರ್ಲಿಲ್ಲ, ಬೆಳಿಗ್ಗೆ ಎದ್ರೆ ಹೆಂಗಸರು ಬೀದಿಯ ಬಿಳೀ ಮರಳನ್ನ ಗುಡಿಸ್ತಾ ಇರ್ತಿದ್ರು, ಗಂಡಸರು ಎಷ್ಟೊತ್ತಿಗೋ ದೋಣಿ ಹತ್ತಿ ಹೋಗಿರ್ತಿದ್ರು. ದೋಣಿಗೆ ಅವರೂ "ದೋನಿ" ಅಂತಾನೇ ಅನ್ನೋದು.

ಮೊದಲು ಅಳತೆ ಹೇಳಿಬಿಡ್ತೀನಿ. ಸುಮಾರು 1,190 ದ್ವೀಪ, ಅದರಲ್ಲಿ ಊರು ಅಂತ ಇರೋದು ಇನ್ನೂರರ ಒಳಗೆ. ಉತ್ತರದಿಂದ ದಕ್ಷಿಣಕ್ಕೆ 800 ಕಿ.ಮೀ.ಗೂ ಮೀರಿ ಚೆಲ್ಕೊಂಡಿದೆ, ಕೊನೆಯ ದ್ವೀಪಗುಂಪು ಅಡ್ಡು ಸಮಭಾಜಕ ವೃತ್ತ ದಾಟಿ ಆ ಕಡೆ ಇದೆ. ಇಷ್ಟಾಗಿ ಎಲ್ಲ ದ್ವೀಪದ ನೆಲ ಗುಡ್ಡೆ ಹಾಕಿದ್ರೂ ಬರೋದು ಸುಮಾರು 300 ಚದರ ಕಿ.ಮೀ., ಬೆಂಗಳೂರು ಸಿಟಿಯ ಅರ್ಧಕ್ಕೂ ಕಮ್ಮಿ. ಆದ್ರೆ ಅವರ ಹಕ್ಕಿನ ಸಮುದ್ರ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 9 ಲಕ್ಷ ಚದರ ಕಿ.ಮೀ., ಅಂದ್ರೆ ನಾಲ್ಕೂವರೆ ಕರ್ನಾಟಕ! ಹಾಗಾಗಿ ಇದನ್ನ ಚಿಕ್ಕ ದೇಶ ಅನ್ನೋವಾಗ ನನಗೆ ಸ್ವಲ್ಪ ಮುಜುಗರ, ನೀರಿನ ದೊಡ್ಡ ದೇಶ, ಅಲ್ಲಲ್ಲಿ ಕಾಲಿಡಕ್ಕೆ ಜಾಗ ಇದೆ ಅಷ್ಟೇ. ದ್ವೀಪಗಳಲ್ಲಿ ನೂರಕ್ಕೆ ಎಂಬತ್ತು ಸಮುದ್ರಮಟ್ಟದಿಂದ ಒಂದು ಮೀಟರ್ ಕೂಡ ಎತ್ತರ ಇಲ್ಲ, ಇಡೀ ದೇಶದಲ್ಲಿ ಪ್ರಕೃತಿ ಮಾಡಿದ ಅತಿ ಎತ್ತರದ ಜಾಗ ಎರಡೂವರೆ ಮೀಟರ್ ಒಳಗೆ.

ಇದು ಪಾಠದಲ್ಲಿ ನನಗೆ ಎಂಥ ಪಜೀತಿ ತಂತು ಕೇಳಿ. ಒಂಬತ್ತನೇ ಕ್ಲಾಸಿಗೆ ಇಳಿಜಾರಿನ ಲೆಕ್ಕ ಹೇಳಿಕೊಡ್ಬೇಕು, ಅಭ್ಯಾಸ ಬಲದಿಂದ ಬೋರ್ಡ್ ಮೇಲೆ ಘಾಟಿ ರಸ್ತೆ ಬರೆದೆ, ಬಸ್ಸು ಹತ್ತುತ್ತಾ ಇದೆ. ಮಕ್ಕಳು ಸುಮ್ನೆ ನೋಡ್ತಿದಾವೆ. ಒಬ್ಬ ಹುಡುಗಿ ಕೇಳಿದ್ಳು, ಸರ್, ರಸ್ತೆ ಯಾಕೆ ಓರೆಯಾಗಿದೆ ಅಂತ. ಗುಡ್ಡ ನೋಡಿಲ್ಲ, ಹೊಳೆ ನೋಡಿಲ್ಲ ಆ ಮಕ್ಕಳು, ದೇಶದಲ್ಲಿ ನದಿ ಅನ್ನೋದೇ ಇಲ್ಲ. ಕೊನೆಗೆ ತೆಂಗಿನ ಮರಕ್ಕೆ ಏಣಿ ಒರಗಿಸಿದ ಚಿತ್ರ ಬರೆದ್ಮೇಲೆ ಲೆಕ್ಕ ಮುಂದಕ್ಕೆ ಹೋಯ್ತು.

ಹಾಗಾದ್ರೆ ಈ ನೆಲ ಬಂದಿದ್ದು ಎಲ್ಲಿಂದ? ಇದಕ್ಕೆ ವಿಜಯಪುರಕ್ಕೆ ಹೋಗ್ಬೇಕು. ತಮಾಷೆ ಅಲ್ಲ. ಗೋಳಗುಮ್ಮಟದ ಕಪ್ಪು ಕಲ್ಲು, ಆ ಕಡೆಯ ಎರೆ ಭೂಮಿ ಎಲ್ಲ ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದ ಲಾವಾದಿಂದ ಆಗಿದ್ದು. ಲಾವಾ ಉಕ್ಕಿಸಿದ ಆ ಒಲೆ ಭೂಮಿಯ ಆಳದಲ್ಲಿ ಒಂದು ಕಡೆ ಉರೀತಾನೇ ಇತ್ತು, ಮೇಲಿದ್ದ ಭಾರತದ ಫಲಕ, ಅಂದ್ರೆ ನಮ್ಮ ನೆಲ ಹೊತ್ತಿರೋ ಭಾರಿ ಕಲ್ಲಿನ ಹಾಳೆ, ಕಾವಲಿ ಸರಿಸಿದ ಹಾಗೆ ಉತ್ತರಕ್ಕೆ ಸರೀತಾ ಬಂತು, ಹಾಗಾಗಿ ಸುಟ್ಟ ಗುರುತು ಸಾಲಾಗಿ ಬೀಳ್ತಾ ಹೋಯ್ತು, ಮೊದಲು ದಖನ್, ಆಮೇಲೆ ಲಕ್ಷದ್ವೀಪ, ಆಮೇಲೆ ಮಾಲ್ಡೀವ್ಸ್, ಛಾಗೋಸ್, ತುಂಬಾ ಆಮೇಲೆ ಮಾರಿಷಸ್. ಆ ಒಲೆ ಈಗ ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿ ಜ್ವಾಲಾಮುಖಿ ಇವತ್ತಿಗೂ ಉಗುಳ್ತಾ ಇರತ್ತೆ. ಅಂದ್ರೆ ಬಸವನ ಬಾಗೇವಾಡಿಯ ಹೊಲದ ಕೆಳಗಿರೋ ಕಲ್ಲಿಗೂ ಮಾಲ್ಡೀವ್ಸಿನ ಬುಡಕ್ಕೂ ಒಂದೇ ತವರು.

ಆ ಜ್ವಾಲಾಮುಖಿ ಬೆಟ್ಟಗಳು ಸಮುದ್ರದಲ್ಲಿ ನಿಧಾನಕ್ಕೆ ಕುಸೀತಾ ಹೋದ್ವು. ಅದರ ಅಂಚಿಗೆ ಅಂಟಿಕೊಂಡಿದ್ದ ಹವಳದ ಹುಳಗಳಿಗೆ ಬಿಸಿಲು ಬೇಕು, ಆಳಕ್ಕೆ ಹೋದ್ರೆ ಸತ್ತೇ ಹೋಗ್ತವೆ, ಅದಕ್ಕೆ ಬೆಟ್ಟ ಇಳಿದ ಹಾಗೆಲ್ಲ ಅವು ಮೇಲಕ್ಕೆ ಕಟ್ತಾ ಕಟ್ತಾ ಬಂದ್ವು. ಬೆಟ್ಟ ಪೂರ್ತಿ ಮುಳುಗಿ ಹೋದ್ಮೇಲೆ ಉಳಿದಿದ್ದು ಬಳೆ ಥರದ ಹವಳದ ದಂಡೆ, ನಡುವೆ ಕೊಳ. 1842ರಲ್ಲಿ ಡಾರ್ವಿನ್ ಹೇಳಿದ್ದು ಇದನ್ನೇ, ಪಾಪ ಆತ ಮಾಲ್ಡೀವ್ಸ್ ನೋಡಿರ್ಲಿಲ್ಲ. ಆಮೇಲೆ ಅಲ್ಲಿ ತೈಲಕ್ಕೆ ಅಂತ ಬಾವಿ ಕೊರೆದ್ರು, ಸುಮಾರು ಎರಡು ಕಿಲೋಮೀಟರ್ ಸುಣ್ಣದ ಕಲ್ಲು ದಾಟಿದ ಮೇಲೆ ಜ್ವಾಲಾಮುಖಿಯ ಕಲ್ಲು ಸಿಕ್ತು. ಎರಡು ಕಿಲೋಮೀಟರ್ ಅಷ್ಟೂ ಹುಳ ಕಟ್ಟಿದ್ದು. ಈ ಬಳೆಗೆ ಇಂಗ್ಲಿಷಲ್ಲಿ ಅಟಾಲ್ ಅಂತಾರಲ್ಲ, ಇಡೀ ಪ್ರಪಂಚ ಬಳಸೋ ಆ ಪದ ಅವರ ದಿವೇಹಿ ಭಾಷೆಯ "ಅತೊಳು".

ಇನ್ನು ಬಳೆಯ ಮೇಲೆ ಕೂತಿರೋ ಮರಳು, ಅಂದ್ರೆ ನಾನು ಎರಡು ವರ್ಷ ನಡೆದಾಡಿದ ನೆಲ, ಅದು ಹೆಚ್ಚಿನಂಶ ಮೀನಿನ ಹೇಲು. ನಗ್ತಿದೀರಿ, ಸರಿ ನಗಿ. ಗಿಳಿಮೀನು ಅಂತ ಇದೆ, ಗಿಣಿಯ ಕೊಕ್ಕಿನ ಥರ ಬಾಯಿ, ಅದು ಸತ್ತ ಹವಳದ ಮೇಲಿನ ಪಾಚಿ ಕೆರೆಯಕ್ಕೆ ಹೋಗಿ ಕಲ್ಲನ್ನೂ ಸೇರಿಸಿ ಕಚ್ಚತ್ತೆ, ಗಂಟಲಲ್ಲಿ ಅರೆಯತ್ತೆ, ಹಿಂದಿನಿಂದ ಬಿಳೀ ಮರಳು ಬಿಡತ್ತೆ. ವಕ್ಕಾರು ಅನ್ನೋ ದ್ವೀಪದಲ್ಲಿ ಲೆಕ್ಕ ಹಾಕಿ 2015ರಲ್ಲಿ ಪ್ರಕಟ ಮಾಡಿದ್ರು, ಅಲ್ಲಿ ಹೊಸದಾಗಿ ಹುಟ್ಟೋ ಮರಳಲ್ಲಿ 85 ಪರ್ಸೆಂಟಿಗೂ ಹೆಚ್ಚು ಗಿಳಿಮೀನಿನ ಕಡೆಯಿಂದ. ಹನಿಮೂನ್ ಜೋಡಿಗಳು ಬರಿಗಾಲಲ್ಲಿ ಓಡಾಡಿ ಫೋಟೋ ತೆಗೆಸ್ಕೊಳ್ಳೋದು ಅದರ ಮೇಲೇನೇ.

ಈ ಮರಳು ನಿಂತ ಕಡೆ ನಿಲ್ಲಲ್ಲ, ನಾನು ಇವತ್ತು ಮುಖ್ಯವಾಗಿ ಹೇಳಕ್ಕೆ ಬಂದಿದ್ದು ಇದನ್ನ. ನಾನಿದ್ದ ಊರಲ್ಲಿ ಪಡುವಣ ದಂಡೆ ಮೇಲೆ ಸಂಜೆ ಹುಡುಗರು ವಾಲಿಬಾಲ್ ಆಡ್ತಿದ್ರು. ಜನವರೀಲಿ ಹೋದಾಗ ಅಲ್ಲಿ ಇಷ್ಟು ಅಗಲ ಮರಳು. ಜುಲೈ ಹೊತ್ತಿಗೆ ನೆಟ್ ಕಟ್ಟಿದ್ದ ಕಂಬ ನೀರಲ್ಲಿ ನಿಂತಿತ್ತು. ನಾನು ಗಾಬರಿ, ದ್ವೀಪ ಮುಳುಗೋದು ಶುರುವಾಯ್ತು, ಮನೆಗೆ ಫೋನ್ ಮಾಡಿ ಹೇಳೋಣ ಅಂತಿದ್ದೆ, ಮನೆ ಓನರ್ ಜೋಲಿಯಲ್ಲಿ ಕೂತು, ಜೋಲಿ ಅಂದ್ರೆ ಹಗ್ಗದ ಬಲೆಯ ಕುರ್ಚಿ, ಪ್ರತಿ ಮನೆ ಮುಂದೂ ಇರತ್ತೆ, ಅದರಲ್ಲಿ ಕೂತು ಆರಾಮಾಗಿ ಹೇಳಿದ್ರು, ಮೂಡಣ ಕಡೆ ಹೋಗಿ ನೋಡು, ಅಲ್ಲಿದೆ ನಿನ್ನ ಮರಳು, ಇರುವೈ ಬಂದ್ರೆ ವಾಪಸ್ ಬರತ್ತೆ. ಇರುವೈ ಅಂದ್ರೆ ಈಶಾನ್ಯ ಮಾರುತದ ಕಾಲ, ಹುಳಂಗು ಅಂದ್ರೆ ನಮ್ಮ ಮುಂಗಾರು, ನೈಋತ್ಯ ಮಾರುತ. ಹುಳಂಗು ಕಾಲದಲ್ಲಿ ಅಲೆ ಪಡುವಣದಿಂದ ತಳ್ಳತ್ತೆ, ಮರಳು ದ್ವೀಪದ ಸುತ್ತ ಜಾರಿ ಆ ಕಡೆ ಸೇರತ್ತೆ, ಇರುವೈಯಲ್ಲಿ ಉಲ್ಟಾ. ವರ್ಷಕ್ಕೆರಡು ಸಲ ದ್ವೀಪ ಮಗ್ಗುಲು ಬದಲಾಯಿಸತ್ತೆ. ಹೇಳಿದ ಹಾಗೇ ಡಿಸೆಂಬರ್ ಕಳೆದು ವಾಲಿಬಾಲ್ ಕೋರ್ಟ್ ವಾಪಸ್ ಬಂತು.

ಇಲ್ಲೊಂದು ಅಡ್ಡ ಮಾತು ಹೇಳ್ಲೇಬೇಕು. ಈ ಕಾಲಗಳನ್ನ ಅವರು ಎಣಿಸೋದು ಹೇಗೆ ಗೊತ್ತಾ? ನಕ್ಷತ್ರದ ಮೇಲೆ! ನಮ್ಮ ರೈತರ ಮಳೆ ನಕ್ಷತ್ರ ಇದೆಯಲ್ಲ, ಅದೇ. ಅವರು "ನಕೈ" ಅಂತಾರೆ, ಒಂದೊಂದು ಹದಿಮೂರು ಹದಿನಾಲ್ಕು ದಿನ. ಹೆಸರು ಕೇಳಿ: ಅಶ್ವಿನಿ ಅಲ್ಲಿ ಅಸ್ಸಿದ, ಭರಣಿ ಬುರುನು, ಕೃತ್ತಿಕೆ ಕೆತಿ, ರೋಹಿಣಿ ರೋನು, ಮೃಗಶಿರ ಮಿಯಹೆಲಿ, ಆರಿದ್ರಾ ಅದ. ಯಾವ ನಕೈಯಲ್ಲಿ ಗಾಳಿ ಎದ್ದೇಳತ್ತೆ, ಯಾವುದರಲ್ಲಿ ಯಾವ ಮೀನು, ಯಾವಾಗ ದೂರ ದೋಣಿ ಬಿಡಬಾರದು, ಎಲ್ಲಾ ಅದರ ಮೇಲೆ. ರೋಹಿಣಿ ಮಳೆಗೆ ಓಣಿಯೆಲ್ಲ ಕೆಸರು ಅಂತ ನಾನು ಗಾದೆ ಹೇಳಿದ್ರೆ ಸ್ಟಾಫ್ ರೂಮಲ್ಲಿ ಅಲ್ಲಿಯ ಮೇಷ್ಟ್ರುಗಳಿಗೆ ಭಾರಿ ಖುಷಿ, ಕೆಸರು ಅಂದ್ರೇನು ಅಂತ ಮಾತ್ರ ವಿವರಿಸ್ಬೇಕಾಯ್ತು. ದೇಶ ಪೂರ್ತಿ ಮುಸ್ಲಿಂ, 1153ರಲ್ಲಿ ರಾಜ ಇಸ್ಲಾಂಗೆ ಬಂದ, ಅದಕ್ಕೂ ಮುಂಚೆ ಬೌದ್ಧರು. ಭಾಷೆ ಸಿಂಹಳದ ನೆಂಟ, ಲಿಪಿ ಬಲದಿಂದ ಎಡಕ್ಕೆ, ತಾನ ಅಂತ ಹೆಸರು, ಅದರ ಮೊದಲ ಒಂಬತ್ತು ಅಕ್ಷರ ಅರಬ್ಬಿಯ ಒಂದರಿಂದ ಒಂಬತ್ತರ ಅಂಕಿಗಳು! ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಇಷ್ಟ ಆಗೋ ಲಿಪಿ ಇನ್ನೊಂದಿಲ್ಲ. ದೇಶದ ಹೆಸರು ದಿವೇಹಿ ರಾಜ್ಜೆ, ದ್ವೀಪದವರ ರಾಜ್ಯ. ನಮ್ಮಲ್ಲೂ ದೀವಿ ಅಂದ್ರೆ ದ್ವೀಪ, ಕರಾವಳಿಯವರ ಜೀಗುಜ್ಜೆಗೆ ಇನ್ನೊಂದು ಹೆಸರು ದೀವಿಹಲಸು ಅಲ್ವಾ. ಆ ಹಣ್ಣಂತೂ ಅಲ್ಲಿ ಮನೆ ಮನೆಯಲ್ಲಿ.

ಕವಡೆಗೆ ವಾಪಸ್ ಬರ್ತೀನಿ, ಈಗ ಎಲ್ಲಿದಾವೆ ಅವು, ಮಧ್ಯದ ಸಾಲಿಗೆ ಬಂದ್ವಾ? ಸರಿ. ತೆಂಗಿನ ಗರಿಗಳನ್ನ ಕೊಳದ ನೀರಲ್ಲಿ ತೇಲಬಿಟ್ರೆ ಕವಡೆಗಳು ಬಂದು ಅಂಟ್ಕೊಳ್ತವೆ, ಎಳೆದು ದಂಡೆಗೆ ಹಾಕಿ ಮರಳಲ್ಲಿ ಹೂತರೆ ಮಾಂಸ ಕೊಳೆತು ಹೋಗಿ ಚಿಪ್ಪು ಉಳಿಯತ್ತೆ. ಅದನ್ನ ಬಂಗಾಳಕ್ಕೆ ಕಳಿಸೋರು, ಅಲ್ಲಿ ಅದೇ ದುಡ್ಡು, ಬದಲಿಗೆ ಅಕ್ಕಿ ಬರೋದು. 1343ರಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಮಾಲ್ಡೀವ್ಸಿಗೆ ಹೋಗಿದ್ದ, ಅವನು ಬರೆದ ರೇಟು ಒಂದು ಬಂಗಾರದ ದಿನಾರಿಗೆ 4 ಲಕ್ಷ ಕವಡೆ, ಕೆಲವೊಮ್ಮೆ 12 ಲಕ್ಷ. ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತೀವಲ್ಲ, ಆ ಕಿಮ್ಮತ್ತು ಇಷ್ಟು. ಅಲ್ಲಿಗೆ ಹೋಗೋ ಮುಂಚೆ ಇಬ್ನ್ ಬತೂತ ನಮ್ಮ ಹೊನ್ನಾವರದಲ್ಲೂ ಇದ್ದ, ಅಲ್ಲಿ ಹೆಣ್ಮಕ್ಕಳಿಗೇ 13 ಶಾಲೆ ಇದ್ವು ಅಂತ ಬರೆದಿದಾನೆ, ಇದನ್ನ ಹೊನ್ನಾವರದವರೇ ಎಷ್ಟೋ ಜನ ಕೇಳಿಲ್ಲ. ಮಾಲ್ಡೀವ್ಸಲ್ಲಿ ಅವನನ್ನ ಖಾಜಿ, ಅಂದ್ರೆ ನ್ಯಾಯಾಧೀಶ, ಮಾಡಿದ್ರು, ಹೆಂಗಸರು ಮೈಮೇಲೆ ಬಟ್ಟೆ ಹಾಕ್ಕೊಳ್ಳಿ ಅಂತ ಎಷ್ಟು ಆರ್ಡರ್ ಮಾಡಿದ್ರೂ ಯಾರೂ ಕೇಳ್ಲಿಲ್ಲ ಅಂತ ಪೇಚಾಡ್ಕೊಂಡಿದಾನೆ. ಮುಂದೆ ಯುರೋಪಿನ ವ್ಯಾಪಾರಿಗಳು ಇದೇ ಕವಡೆಯನ್ನ ಹಡಗುಗಟ್ಲೆ ಪಶ್ಚಿಮ ಆಫ್ರಿಕಕ್ಕೆ ಸಾಗಿಸಿ ಅದನ್ನ ಕೊಟ್ಟು ಮನುಷ್ಯರನ್ನ ಕೊಂಡ್ರು, ಗುಲಾಮರನ್ನಾಗಿ. ಗರಿ ತೇಲಬಿಟ್ಟ ದ್ವೀಪದ ಹೆಂಗಸಿಗೆ ಇದು ಗೊತ್ತಿರಕ್ಕೆ ಸಾಧ್ಯನೇ ಇರ್ಲಿಲ್ಲ.

ದ್ವೀಪದವರು ಬದುಕಿದ್ದು ಮೀನಲ್ಲಿ. ನೆಲದಲ್ಲಿ ಭತ್ತ ಬೆಳೆಯಲ್ಲ, ಅಕ್ಕಿ ಹಿಟ್ಟು ಈರುಳ್ಳಿ ಎಲ್ಲ ಹೊರಗಿಂದ. ಬೆಳಗಿನ ತಿಂಡಿ ಮಸ್ ಹುನಿ, ಮಸ್ ಅಂದ್ರೆ ಮೀನು, ಟ್ಯೂನಾ ಮೀನು, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಕಿವುಚಿ ರೊಶಿ ಜೊತೆ, ರೊಶಿ ಅಂದ್ರೆ ನಮ್ಮ ರೊಟ್ಟಿ. ಟ್ಯೂನಾ ಹಿಡಿಯೋದು ಬಲೆಯಲ್ಲಲ್ಲ, ಗಾಳದಲ್ಲಿ. ಬೆಳಗ್ಗೆ ದಂಡೆ ಹತ್ರ ಸಣ್ಣ ಮೀನು ಹಿಡಿದು ದೋಣಿಯೊಳಗಿನ ತೊಟ್ಟೀಲಿ ಜೀವಂತ ಇಟ್ಕೊಳ್ತಾರೆ, ಹಕ್ಕಿ ಸುತ್ತೋ ಕಡೆ ಹೋಗಿ ಅದನ್ನ ಎರಚ್ತಾರೆ, ನೀರು ಚಿಮುಕಿಸ್ತಾರೆ, ಟ್ಯೂನಾ ಹುಚ್ಚೆದ್ದು ಬರತ್ತೆ, ಸಾಲಾಗಿ ನಿಂತೋರು ಗಳು ಎತ್ತಿ ಎತ್ತಿ ತಲೆ ಮೇಲಿಂದ ಹಿಂದಕ್ಕೆ ಎಸೀತಾರೆ, ಗಾಳಕ್ಕೆ ಮುಳ್ಳಿಲ್ಲ, ಮೀನು ತಾನೇ ಕಳಚಿ ಬೀಳತ್ತೆ. ಒಂದ್ಸಲ ಕರ್ಕೊಂಡು ಹೋಗಿದ್ರು, ನಾನು ಅರ್ಧ ದಿನ ವಾಂತಿ ಮಾಡಿದ್ದೇ ಬಂತು. ಆದ್ರೆ ಇದರಲ್ಲಿ ಆಮೆ, ಡಾಲ್ಫಿನ್ ಸಿಕ್ಕಿ ಸಾಯೋದು ಬಹಳ ಕಮ್ಮಿ.

ನೀರಿನ ಕಥೆ ಬೇರೆ. ಮಳೆ ವರ್ಷಕ್ಕೆ ಸುಮಾರು 2,000 ಮಿ.ಮೀ. ಬರತ್ತೆ, ಕೊರತೆ ಇಲ್ಲ, ಹಿಡಿದಿಡೋ ಜಾಗ ಇಲ್ಲ. ಮರಳಲ್ಲಿ ಇಂಗಿದ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ಮಜ್ಜಿಗೆ ಮೇಲೆ ಬೆಣ್ಣೆ ನಿಂತ ಹಾಗೆ ತೇಲ್ತಾ ಇರತ್ತೆ. ನಮ್ಮ ಮನೆ ಬಾವೀಲಿ ನಾಲ್ಕೈದು ಅಡಿಗೇ ನೀರು, ಸಮುದ್ರದಲ್ಲಿ ಭರತ ಬಂದ್ರೆ ಬಾವಿ ನೀರೂ ಏರೋದು. ಹೆಚ್ಚು ಎಳೆದ್ರೆ ಉಪ್ಪು ಮೇಲೆ ಬರತ್ತೆ, ಪಂಪು ಹಾಕಿದ ಮನೆಗಳ ಬಾವಿ ಬೇಗ ಕೆಡತ್ತೆ. 2004ರ ಸುನಾಮಿಯಲ್ಲಿ ಎಷ್ಟೋ ದ್ವೀಪದ ಬಾವಿಗಳೆಲ್ಲ ಒಂದೇ ಬೆಳಿಗ್ಗೆ ಉಪ್ಪಾದ್ವು, ಆಮೇಲೆ ಮಳೆನೀರಿನ ಟ್ಯಾಂಕುಗಳು ಮನೆ ಮನೆಗೆ ಬಂದ್ವು. ರಾಜಧಾನಿ ಮಾಲೆ ಪೂರ್ತಿ ಸಮುದ್ರದ ನೀರನ್ನ ಸಿಹಿ ಮಾಡಿ ಕುಡಿಯೋ ಊರು. 2014ರ ಡಿಸೆಂಬರಲ್ಲಿ ಆ ಪ್ಲಾಂಟಿಗೆ ಬೆಂಕಿ ಬಿದ್ದು ಒಂದು ಲಕ್ಷಕ್ಕೂ ಹೆಚ್ಚು ಜನಕ್ಕೆ ನಲ್ಲಿಯಲ್ಲಿ ನೀರಿಲ್ಲ, ಭಾರತದಿಂದ ವಿಮಾನದಲ್ಲಿ, ನೌಕಾಪಡೆ ಹಡಗಲ್ಲಿ ನೀರು ಹೋಯ್ತು.

ಅಂದ ಹಾಗೆ ಸುನಾಮಿ ಅಂದ್ರೆ ಆ ಚಪ್ಪಟೆ ದೇಶ ಪೂರ್ತಿ ಕೊಚ್ಚಿ ಹೋಗ್ಬೇಕಿತ್ತು ಅನ್ಸತ್ತೆ, ಆದ್ರೆ ಸತ್ತೋರು ಕಾಣೆಯಾದೋರು ಸೇರಿ ನೂರು ಚಿಲ್ಲರೆ. ಸಣ್ಣ ಸಂಖ್ಯೆ ಅಂತಲ್ಲ. ಕಾರಣ ಏನಂದ್ರೆ ಹವಳದ ದಂಡೆ ಆಚೆ ಸಮುದ್ರ ನೇರ ಪಾತಾಳಕ್ಕೆ ಇಳಿದಿದೆ, ಅಲೆ ಎದ್ದು ನಿಲ್ಲಕ್ಕೆ ಬೇಕಾದ ಇಳಿಜಾರಿನ ತಳ ಇಲ್ಲ, ನೀರು ಉಬ್ಬಿ ದ್ವೀಪದ ಮೇಲೆ ಹಾದು ಹೋಯ್ತು. ನೋಡಿ, ನನ್ನ ಇಳಿಜಾರಿನ ಪಾಠ ಅಲ್ಲಿಗೆ ಬೇಕಿತ್ತು. ಕಂದೊಳುದೂ ಅನ್ನೋ ದ್ವೀಪ ಮಾತ್ರ ವಾಸಕ್ಕೇ ಲಾಯಕ್ಕಿಲ್ಲ ಅಂತಾಗಿ ಇಡೀ ಊರಿಗೆ ಊರೇ ನಾಲ್ಕು ವರ್ಷ ಶೆಡ್ಡಲ್ಲಿ ಕಳೆದು, ದುವಾಫರು ಅನ್ನೋ ಖಾಲಿ ದ್ವೀಪದಲ್ಲಿ ರೆಡ್ ಕ್ರಾಸ್ ನೆರವಿಂದ ಹೊಸ ಊರು ಕಟ್ಕೊಂಡ್ರು.

ಈಗ ಯಾರೋ ಹಿಂದಿನಿಂದ ಕೇಳಿದ್ರಿ, ಹಾಗಾದ್ರೆ ಮುಳುಗೋದು ಸುಳ್ಳಾ ಅಂತ. ಸುಳ್ಳಲ್ಲ, ಆದ್ರೆ ಬಕೆಟ್ ತುಂಬಿದ ಹಾಗೆ ನೀರು ಏರಿ ಮುಳುಗೋ ಕಥೆ ಅಲ್ಲ ಅದು. ಹಳೇ ಏರಿಯಲ್ ಫೋಟೋ ಈಗಿನ ಸ್ಯಾಟಲೈಟ್ ಫೋಟೋ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಕೆಲವು ದ್ವೀಪ ಕರಗಿವೆ, ಕೆಲವು ಬೆಳೆದಿವೆ, ಬಹಳಷ್ಟು ಜಾಗ ಸರಿದಿವೆ. ಹವಳದ ದಂಡೆ ಜೀವಂತ ಇದ್ದು ಮರಳು ಹುಟ್ತಾ ಇದ್ದು ಓಡಾಡಕ್ಕೆ ದಾರಿ ಇದ್ರೆ ದ್ವೀಪ ತನ್ನನ್ನ ತಾನು ಸ್ವಲ್ಪ ಮಟ್ಟಿಗೆ ಸರಿ ಮಾಡ್ಕೊಳ್ಳತ್ತೆ. ಈ ಮೂರನ್ನೂ ನಾವು ಕೆಡಿಸಿದೀವಿ. ನೀರು ಬಿಸಿಯಾದ್ರೆ ಹವಳ ತನ್ನೊಳಗಿನ ಪಾಚಿಯನ್ನ ಹೊರಗೆ ಹಾಕಿ ಬೆಳ್ಳಗಾಗತ್ತೆ, ಪಾಚಿ ಇಲ್ದೆ ಅದಕ್ಕೆ ಊಟ ಇಲ್ಲ. 1998ರ ಎಲ್ ನಿನೊ ವರ್ಷ, ಅಂದ್ರೆ ಪೆಸಿಫಿಕ್ ಸಾಗರ ಬಿಸಿಯೇರೋ ವರ್ಷ, ಮೇಲ್ಮಟ್ಟದ ಹವಳ 90 ಪರ್ಸೆಂಟಿನಷ್ಟು ಸತ್ತು ಹೋಯ್ತು, ಹದಿನೆಂಟು ವರ್ಷದಲ್ಲಿ ಚೇತರಿಸ್ಕೊಳ್ತಾ ಇರೋವಾಗ 2016ರಲ್ಲಿ ಮತ್ತೆ. ಬಿಸಿ ಮಾಡಿದ್ದು ಅವರಲ್ಲ, 5 ಲಕ್ಷ ಚಿಲ್ಲರೆ ಜನ ಎಷ್ಟು ಹೊಗೆ ಬಿಟ್ಟಾರು, ಆ ಲೆಕ್ಕದಲ್ಲಿ ನಮ್ಮದೂ ಪಾಲಿದೆ. 1987ರಲ್ಲೇ ಅಧ್ಯಕ್ಷ ಗಯೂಮ್ ವಿಶ್ವಸಂಸ್ಥೆಯಲ್ಲಿ ನಿಂತು ಇದನ್ನ ಹೇಳಿದ್ರು, 2009ರಲ್ಲಿ ಆಗಿನ ಅಧ್ಯಕ್ಷ ನಶೀದ್ ಮಂತ್ರಿಗಳನ್ನ ಕರ್ಕೊಂಡು ಸಮುದ್ರದೊಳಗೇ ಕ್ಯಾಬಿನೆಟ್ ಮೀಟಿಂಗ್ ಮಾಡಿದ್ರು, ಫೋಟೋ ಎಲ್ಲಾ ಪೇಪರಲ್ಲಿ ಬಂತು.

ಮೂರನೇದು, ಮರಳು ಓಡಾಡೋ ದಾರಿ, ಅದನ್ನ ತಡೆದಿರೋದು ಅವರೇ. ನಮ್ಮ ದ್ವೀಪಕ್ಕೆ ಬಂದರು ಬೇಕು ಅಂತ ಜನ ಎಷ್ಟೋ ವರ್ಷ ಕೇಳಿದ್ರು, ಕೇಳಬೇಕಾದ್ದೇ, ಬಸುರಿ ಹೆಂಗಸನ್ನ ಅಲೆ ಮಧ್ಯೆ ದೋಣಿಗೆ ಎತ್ತಿ ಕೂರಿಸೋದು ನಾನೇ ಕಣ್ಣಾರೆ ನೋಡಿದೀನಿ. ದಂಡೆ ಅಗೆದು ಕಲ್ಲಿನ ಗೋಡೆ ಕಟ್ಟಿದ್ರು. ಮುಂದಿನ ಹುಳಂಗುವಿನಲ್ಲಿ ಮರಳು ಜಾರಿ ಬಂದು ಗೋಡೆಗೆ ತಡೆದು ನಿಲ್ತು, ಮೂಡಣ ತುದಿಯಲ್ಲಿ ತೆಂಗಿನ ಮರ ಬುಡ ಕಿತ್ತು ಬೀಳಕ್ಕೆ ಶುರು. ಅಲ್ಲಿಗೂ ಗೋಡೆ ಕಟ್ಟಿ ಅಂತ ಅರ್ಜಿ. ಇದನ್ನ ತಪ್ಪು ಅನ್ನಕ್ಕೆ ನನಗೆ ಬಾಯಿ ಬರಲ್ಲ, ಸರಿ ಅನ್ನಕ್ಕೂ ಬರಲ್ಲ.

ಮಾಲೆ ಅಂತೂ ಪೂರ್ತಿ ಗೋಡೆಯೊಳಗಿನ ಊರು. 1987ರಲ್ಲಿ ದೊಡ್ಡ ಅಲೆ ನುಗ್ಗಿದ ಮೇಲೆ ಜಪಾನ್ ನೆರವಿಂದ ಸುತ್ತ ಕಾಂಕ್ರೀಟ್ ತಡೆ ಕಟ್ಟಿದಾರೆ. ಸುಮಾರು ಎರಡು ಚದರ ಕಿ.ಮೀ. ದ್ವೀಪ, ಅದರ ಮೇಲೆ ಹತ್ತು ಹನ್ನೆರಡು ಅಂತಸ್ತಿನ ಬಿಲ್ಡಿಂಗುಗಳು ಭುಜ ಉಜ್ಜಿಕೊಂಡು ನಿಂತಿವೆ, ದೇಶದ ನೂರಕ್ಕೆ ನಲವತ್ತು ಜನ ರಾಜಧಾನಿ ಪ್ರದೇಶದಲ್ಲೇ ಇದಾರೆ. ಜಾಗ ಸಾಲ್ದೆ 1997ರಿಂದ ಪಕ್ಕದಲ್ಲೇ ಸಮುದ್ರದ ತಳದ ಮರಳು ಎತ್ತಿ ಸುರಿದು ಹುಳುಮಾಲೆ ಅಂತ ಹೊಸ ದ್ವೀಪ ಮಾಡಿದ್ರು, ಎತ್ತರ ಸುಮಾರು ಎರಡು ಮೀಟರ್, 2018ರಲ್ಲಿ ಸೇತುವೆನೂ ಬಂತು. ಕಸಕ್ಕೆ ತಿಲಫುಶಿ ಅಂತ ಬೇರೆ ದ್ವೀಪ, ಅದು 1992ರಿಂದ ಕಸ ಸುರಿದೇ ಬೆಳೆದಿದ್ದು. ತಮಾಷೆ ಅಂದ್ರೆ ಮರಳಿನ ದೇಶಕ್ಕೆ ಬಿಲ್ಡಿಂಗ್ ಕಟ್ಟಕ್ಕೆ ಮರಳು ಹೋಗೋದು ನಮ್ಮಿಂದ! ಹವಳದ ಮರಳಲ್ಲಿ ಉಪ್ಪು, ಕಬ್ಬಿಣ ತಿಂದು ಹಾಕತ್ತೆ, ಅಗೆದ್ರೆ ದಂಡೆನೂ ಹಾಳು. 2024-25ಕ್ಕೆ ಭಾರತ ಕೊಟ್ಟ ಕೋಟಾ 10 ಲಕ್ಷ ಟನ್ ನದಿ ಮರಳು, ಅಷ್ಟೇ ಜಲ್ಲಿ. ಸೋಷಿಯಲ್ ಮೀಡಿಯಾದಲ್ಲಿ ನಮ್ಮವರು ಮಾಲ್ಡೀವ್ಸ್ ಬಾಯ್ಕಾಟ್ ಬಾಯ್ಕಾಟ್ ಅಂತ ಕೂಗಾಡ್ತಿದ್ದ ಅದೇ ವರ್ಷ.

ಟೂರಿಸಂ ಬಗ್ಗೆ ನಾನು ಜಾಸ್ತಿ ಹೇಳಲ್ಲ, ನಿಮಗೇ ಗೊತ್ತು. 1972ರಲ್ಲಿ ಮೊದಲ ರೆಸಾರ್ಟು, 2024ರಲ್ಲಿ ಬಂದವರು 20 ಲಕ್ಷ ಮೀರಿ. ಒಂದು ದ್ವೀಪ ಒಂದು ರೆಸಾರ್ಟು ಅನ್ನೋ ಪದ್ಧತಿ ಇರೋದ್ರಿಂದ ಪ್ರವಾಸಿ ಬೇರೆ ದ್ವೀಪ, ಊರಿನವರು ಬೇರೆ ದ್ವೀಪ, ಊರಲ್ಲಿ ಗೆಸ್ಟ್ ಹೌಸ್ ಬಿಟ್ಟಿದ್ದು 2009ರ ಮೇಲೆ. ನನ್ನ ಸ್ಟೂಡೆಂಟುಗಳಲ್ಲಿ ಅರ್ಧ ಜನ ಈಗ ರೆಸಾರ್ಟಲ್ಲಿ ಕೆಲಸ ಮಾಡ್ತಿದಾರೆ. ಓರೆ ರಸ್ತೆ ಯಾಕೆ ಅಂತ ಕೇಳಿದ ಹುಡುಗಿ ಓದಕ್ಕೆ ಅಂತ ಶ್ರೀಲಂಕಾಕ್ಕೆ ಹೋದೋಳು ಕ್ಯಾಂಡಿ ಘಟ್ಟದ ಬಸ್ಸಿಂದ ಒಂದು ಫೋಟೋ ಕಳಿಸಿದ್ಳು, ಕೆಳಗೆ ಬರೆದಿದ್ಳು, ಸರ್, ಹೊಟ್ಟೆ ತೊಳಸ್ತಾ ಇದೆ, ದೋನಿನೇ ವಾಸಿ ಅಂತ.

ಕವಡೆ ಎಲ್ಲಾ ಸಾಲು ಸುತ್ತಿ ಬಂತಾ? ಕೊಡಿ ಇಲ್ಲಿ. ನಾಲ್ಕು ಕೊಟ್ಟಿದ್ದೆ, ಇಲ್ಲಿ ಮೂರೇ ಇದೆ. ಬೆಂಚಿನ ಕೆಳಗೆ ಒಂದ್ಸಲ ನೋಡಿ.